ಮುಧೋಳ ಮರಿಯ ಮೊದಲ ಪಾಠಗಳು: ತುಣುಕು ಯಾವಾಗ, ಎಷ್ಟು, ಯಾವ ಕೈಯಿಂದ

ಮುಧೋಳ ಮರಿ ಮನೆಗೆ ಬಂದ ದಿನವೇ ಬಹುಪಾಲು ಮನೆಗಳಲ್ಲಿ ಶುರುವಾಗುವ ಪಾಠ ‘ಕೂತ್ಕೋ’. ಒಂದು ಕೈಯಲ್ಲಿ ಗ್ಲೂಕೋಸ್ ಬಿಸ್ಕತ್ತು, ಇನ್ನೊಂದು ಕೈ ಮರಿಯ ಸೊಂಟದ ಮೇಲೆ, ಬಾಯಲ್ಲಿ ‘ಕೂತ್ಕೋ, ಕೂತ್ಕೋ, ಕೂತ್ಕೋ’. ಇಷ್ಟರಲ್ಲೇ ನಾಲ್ಕು ತಪ್ಪುಗಳಿವೆ. ಬಿಸ್ಕತ್ತು ಕೊಡುವುದು, ಸೊಂಟ ಒತ್ತುವುದು, ಒಂದೇ ಮಾತನ್ನು ಮೂರು ಸಲ ಹೇಳುವುದು, ಈ ತಳಿಗೆ ಕೂರುವುದನ್ನೇ ಮೊದಲ ಪಾಠ ಮಾಡುವುದು. ತಿನಿಸು ಕೊಟ್ಟು ಕಲಿಸುವ ವಿಧಾನದಲ್ಲಿ ದೋಷವಿಲ್ಲ. ಮರಿಗೆ ಕಲಿಸಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಅದು ಪೂರ್ತಿ ನಿಂತಿರುವುದು ಸಮಯದ ಮೇಲೆ. ತುಣುಕು ಬಾಯಿಗೆ ಬಿದ್ದ ಗಳಿಗೆಯಲ್ಲಿ ಮರಿ ಏನು ಮಾಡುತ್ತಿತ್ತೋ ಅದನ್ನೇ ಅದು ಕಲಿಯುತ್ತದೆ. ನಾವು ಏನು ಕಲಿಸಲು ಹೊರಟಿದ್ದೆವು ಎನ್ನುವುದು ಅದಕ್ಕೆ ತಿಳಿಯುವ ಸಂಗತಿಯೇ ಅಲ್ಲ.

ಈ ಬರಹಕ್ಕೆ ಮುಧೋಳ ನಾಯಿಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಹಳ್ಳಿಗಳಲ್ಲಿ ಬೇಟೆಗೆಂದು ಸಾಕುತ್ತ ಬಂದ ನಾಯಿ ಇದು. 2005ರಲ್ಲಿ ಅಂಚೆ ಇಲಾಖೆ ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಇದೂ ಇತ್ತು. 2016ರಲ್ಲಿ ಸೇನೆ ಇದರ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಿಯವರ ರೇಡಿಯೊ ಮಾತಿನಲ್ಲಿ ಹೆಸರು ಬಂತು. ಈಗ ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಮನೆಗಳಲ್ಲೂ ಇದನ್ನು ಸಾಕುವವರಿದ್ದಾರೆ. ಆದರೆ ಅಂತರ್ಜಾಲದಲ್ಲಿ ಸಿಗುವ ತರಬೇತಿಯ ವಿಡಿಯೊಗಳೆಲ್ಲ ಹೆಚ್ಚಾಗಿ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳದ್ದು. ತಿನಿಸು ಕಂಡರೆ ಬೇರೆಲ್ಲ ಮರೆಯುವ ಲ್ಯಾಬ್ ಬೇರೆ. ಕಣ್ಣಿನಿಂದ ಬೇಟೆಯಾಡುವ, ದೂರದಲ್ಲಿ ಏನೋ ಸರಿದಾಡಿದರೆ ಕಾಲು ತಾನಾಗಿ ಓಡುವ ಈ ನಾಯಿ ಬೇರೆ.

ವಿಧಾನದ ಹಿಂದಿನ ತತ್ವ ಹೊಸದೇನಲ್ಲ. 1898ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅಗಳಿ ತೆಗೆದು ಹೊರಬಂದರೆ ಮೀನು ಸಿಗುವಂತೆ ಮಾಡಿ ನೋಡಿದ. ಒಳ್ಳೆಯ ಫಲ ಕೊಟ್ಟ ನಡೆ ಮತ್ತೆ ಮತ್ತೆ ಬರುತ್ತದೆ ಎಂಬುದು ಅಲ್ಲಿಂದ ಬಂದ ತಿಳಿವಳಿಕೆ. 1951ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಪ್ರಾಣಿಗಳಿಗೆ ಕಲಿಸುವುದು ಹೇಗೆಂದು ಬರೆದಾಗ, ಆಹಾರಕ್ಕೂ ಮೊದಲು ‘ಟಿಕ್’ ಎಂಬ ಸದ್ದು ಮಾಡುವ ಆಟಿಕೆಯನ್ನು ಸೂಚಿಸಿದ್ದ. ಈಗ ಪೆಟ್ ಅಂಗಡಿಗಳಲ್ಲಿ ಸಿಗುವ ಕ್ಲಿಕ್ಕರ್ ಮಾಡುವ ಕೆಲಸವೂ ಅದೇ. ಸದ್ದು ಏಕೆ ಬೇಕೆಂದರೆ ನಮ್ಮ ಕೈ ನಿಧಾನ. ಮರಿ ಕೂತ ಮೇಲೆ ಜೇಬಿಗೆ ಕೈ ಹಾಕಿ, ತುಣುಕು ತೆಗೆದು, ಬಗ್ಗಿ ಕೊಡುವಷ್ಟರಲ್ಲಿ ಮೂರು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಮರಿ ಎದ್ದು, ಒಂದು ಸುತ್ತು ಹಾಕಿ, ಮೊಣಕಾಲಿಗೆ ಹಾರಿರುತ್ತದೆ. ಹಾರಿದ್ದಕ್ಕೇ ತುಣುಕು ಬಂತು ಎಂದು ಅದರ ಲೆಕ್ಕ.

ಹಾಗಾಗಿ ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಗಟ್ಟಿ ಮಾಡಿಕೊಳ್ಳಬೇಕು. ಕ್ಲಿಕ್ಕರ್ ಇಲ್ಲದವರು ‘ಭೇಷ್’ ಎನ್ನಬಹುದು. ಚಿಕ್ಕ ಮಾತು, ದನಿ ಚುರುಕು, ದಿನದ ಮಾತುಕತೆಯಲ್ಲಿ ಪದೇ ಪದೇ ಬರುವುದಿಲ್ಲ. ‘ಹೂಂ’, ‘ಸರಿ’, ‘ಆಯ್ತು’ ಬೇಡ. ಅವು ಮನೆಯಲ್ಲಿ ದಿನವಿಡೀ ಕೇಳುತ್ತಲೇ ಇರುತ್ತವೆ. ಮೊದಲ ಎರಡು ದಿನ ಯಾವ ಆಜ್ಞೆಯೂ ಇಲ್ಲ. ‘ಭೇಷ್’ ಎನ್ನಿ, ಒಂದು ಸೆಕೆಂಡಿನೊಳಗೆ ತುಣುಕು ಕೊಡಿ. ಹತ್ತು ಹದಿನೈದು ಸಲ, ದಿನಕ್ಕೆ ಮೂರು ಬಾರಿ. ಮಾತು ಮೊದಲು, ಕೈ ಆಮೇಲೆ. ಎರಡನ್ನೂ ಒಟ್ಟಿಗೆ ಮಾಡಿದರೆ ಮರಿ ಕೈಯನ್ನು ನೋಡುತ್ತದೆ, ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಬೇರೆಲ್ಲೋ ನೋಡುತ್ತಿದ್ದ ಮರಿ ‘ಭೇಷ್’ ಕೇಳಿದ ಕೂಡಲೇ ಕತ್ತು ತಿರುಗಿಸಿದರೆ ಮಾತು ಕೂತಿದೆ ಎಂದರ್ಥ. ಅಲ್ಲಿಂದ ಮುಂದೆ ಒಂದು ನಿಯಮ: ಬಾಯಿ ತಪ್ಪಿ ‘ಭೇಷ್’ ಅಂದರೂ ತುಣುಕು ಕೊಡಲೇಬೇಕು. ಈ ಮಾತು ಸುಳ್ಳಾಗಬಾರದು.

ಇನ್ನು ತುಣುಕಿನ ವಿಷಯ. ಇಲ್ಲಿ ತೂಕದ ಲೆಕ್ಕ ಬೇಕು. ಮರಿಯ ದಿನದ ಆಹಾರದ ಶಕ್ತಿಯಲ್ಲಿ ತರಬೇತಿಯ ತಿನಿಸು 10 ಶೇಕಡ ಮೀರಬಾರದು ಎಂಬುದು ಪಶುವೈದ್ಯರು ಒಪ್ಪಿರುವ ಮಿತಿ. 5 ಕಿಲೊ ತೂಗುವ, ನಾಲ್ಕು ತಿಂಗಳು ತುಂಬದ ಮರಿಗೆ ದಿನಕ್ಕೆ ಸುಮಾರು 700 ಕಿಲೊಕ್ಯಾಲರಿ ಬೇಕು. ಅದರಲ್ಲಿ ಹತ್ತನೇ ಒಂದು ಪಾಲು 70. ಬೇಯಿಸಿದ ಕೋಳಿ ಎದೆ ಮಾಂಸ 100 ಗ್ರಾಂಗೆ ಸುಮಾರು 165 ಕಿಲೊಕ್ಯಾಲರಿ ಇರುವುದರಿಂದ, 40 ಗ್ರಾಂ ಮಾಂಸ ದಿನದ ಮಿತಿ. ಕಡಿಮೆ ಅನ್ನಿಸಬಹುದು. ಆದರೆ ಅದನ್ನು ಅರ್ಧ ಗ್ರಾಂನ, ಅಂದರೆ ಹಸಿ ಬಟಾಣಿಗಿಂತ ದೊಡ್ಡದಲ್ಲದ ತುಣುಕುಗಳಾಗಿ ಹೆಚ್ಚಿದರೆ 80 ಆಗುತ್ತವೆ. ಹದಿನೈದು ತುಣುಕಿನ ಐದು ಪಾಠಗಳಿಗೆ ಸಾಕಾಗಿ ಮಿಗುತ್ತವೆ. ಮರಿಗೆ ತುಣುಕಿನ ಗಾತ್ರಕ್ಕಿಂತ ಎಷ್ಟು ಸಲ ಸಿಕ್ಕಿತು ಎನ್ನುವುದು ಮುಖ್ಯ. ಅಗಿಯಲು ಹೊತ್ತು ಹಿಡಿಯುವ ದೊಡ್ಡ ಚೂರು ಕೊಟ್ಟರೆ, ಅದು ನುಂಗಿ ಮುಗಿಸುವಷ್ಟರಲ್ಲಿ ಏಕೆ ಸಿಕ್ಕಿತೆಂಬುದೇ ಮರೆತಿರುತ್ತದೆ.

ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಬೇಕು. ಉಪ್ಪಿಲ್ಲ, ಅರಿಶಿನವೂ ಬೇಕಿಲ್ಲ, ಈರುಳ್ಳಿ ಬೆಳ್ಳುಳ್ಳಿ ಸುತರಾಂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯ ಸಾರಿನಿಂದ ಎತ್ತಿದ ಚೂರನ್ನು ತೊಳೆದು ಕೊಡುತ್ತೇವೆ ಎನ್ನುವವರಿದ್ದಾರೆ, ಅದೂ ಆಗದು. ಬೇಯಿಸಿ ಹೆಚ್ಚಿದ್ದನ್ನು ದಿನದ ಪಾಲಾಗಿ ಚಿಕ್ಕ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಟ್ಟರೆ ಅನುಕೂಲ. ಫ್ರಿಜ್ಜಿನ ಕೆಳಭಾಗದಲ್ಲಾದರೆ ಮೂರು ದಿನ. ಜೇಬಿನಲ್ಲಿಟ್ಟುಕೊಂಡದ್ದು ಎರಡು ಗಂಟೆ ದಾಟಿದರೆ ಬಿಸಾಡಿ. ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ಅಷ್ಟೂ ತಡೆಯುವುದಿಲ್ಲ.

ಮಾಂಸ ತರದ ಮನೆಗಳಿಗೆ ಉಪ್ಪು ಹಾಕದ ಪನೀರ್ ಇದೆ. ಕೊಬ್ಬು ಹೆಚ್ಚು, ಹಾಗಾಗಿ ದಿನಕ್ಕೆ 25 ಗ್ರಾಂ ದಾಟಬಾರದು. ಬೇಯಿಸಿದ ಗೆಣಸು, ಗಜ್ಜರಿ, ಬೀಜ ತೆಗೆದ ಸೇಬು ಆಗುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಬೇಯಿಸಿದ ಒಂದು ಮೊಟ್ಟೆ ಇಡೀ ದಿನದ ಪಾಲು. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್, ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ತಿನಿಸು ವಿಷ. ಪ್ರಸಾದದ ಕೇಸರಿಭಾತಿನಿಂದ ಆರಿಸಿ ಎತ್ತಿ ಕೊಡುವ ದ್ರಾಕ್ಷಿಯನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಬಿಸ್ಕತ್ತು ವಿಷವಲ್ಲ, ಆದರೆ ಸಕ್ಕರೆ ಮೈದಾ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಕೈಯಲ್ಲಿ ಪುಡಿಯಾಗುತ್ತದೆ, ಪುಡಿ ನೆಲಕ್ಕೆ ಬಿದ್ದರೆ ಮರಿ ಮುಂದಿನ ಎರಡು ನಿಮಿಷ ನೆಲ ಮೂಸುತ್ತ ಕಳೆಯುತ್ತದೆ.

ಎಲ್ಲ ಪಾಠಕ್ಕೂ ಕೋಳಿ ಬೇಕಿಲ್ಲ ಎಂಬುದನ್ನೂ ಹೇಳಬೇಕು. ಮನೆಯೊಳಗಿನ ಸುಲಭ ಪಾಠಕ್ಕೆ ಅದರ ಊಟದ ಒಣ ಆಹಾರದ ಕಾಳುಗಳೇ ಸಾಕು. ದಿನದ ಪಾಲಿನಲ್ಲಿ ಒಂದು ಹಿಡಿ ಬೆಳಗ್ಗೆಯೇ ತೆಗೆದಿಟ್ಟರೆ ಲೆಕ್ಕವೂ ತಪ್ಪುವುದಿಲ್ಲ. ಜೋಳದ ರೊಟ್ಟಿಯ ಒಣ ಚೂರೂ ನಡೆಯುತ್ತದೆ. ಕೋಳಿಯನ್ನು ಕಷ್ಟದ ಪಾಠಕ್ಕೆ, ಅಂದರೆ ಕರೆದಾಗ ಬರುವುದಕ್ಕೆ ಮೀಸಲಿಡಿ. ಹೊಸ ತಿನಿಸು ಯಾವುದೇ ಇರಲಿ, ಮೊದಲ ದಿನ ನಾಲ್ಕೈದು ಚೂರು ಮಾತ್ರ. ಒಂದೇ ದಿನ 40 ಗ್ರಾಂ ಕೊಟ್ಟು ಮರಿಗೆ ಭೇದಿ ಹಿಡಿಸಿಕೊಂಡರೆ ಪಾಠ ವಾರಗಟ್ಟಲೆ ನಿಲ್ಲುತ್ತದೆ.

ಪಾಠದ ಅವಧಿ ಎರಡು ಮೂರು ನಿಮಿಷ. ಹದಿನೈದು ತುಣುಕು ಎಣಿಸಿ ಬಟ್ಟಲಿಗೆ ಹಾಕಿಕೊಂಡು ಕೂತರೆ ಗಡಿಯಾರ ನೋಡುವ ಕೆಲಸವಿಲ್ಲ, ತುಣುಕು ಮುಗಿದರೆ ಪಾಠ ಮುಗಿಯಿತು. ಊಟಕ್ಕೆ ಅರ್ಧ ಗಂಟೆ ಮುಂಚೆ ಒಳ್ಳೆಯ ಸಮಯ. ನಿದ್ದೆಯಿಂದ ಎದ್ದ ಮರಿಯನ್ನು ಮೊದಲು ಮೂತ್ರಕ್ಕೆ ಬಿಟ್ಟು ಆಮೇಲೆ ಪಾಠಕ್ಕೆ ಕರೆಯಬೇಕು. ಜಾಗದ ಬಗ್ಗೆ ಒಂದು ಮಾತು: ಇಂದಿನ ಮನೆಗಳ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ನೆಲ ಮರಿಯ ಕಾಲಿಗೆ ಜಾರುತ್ತದೆ. ಉದ್ದ ಕಾಲಿನ ಮುಧೋಳ ಮರಿಗಂತೂ ಹಿಂಗಾಲು ಎರಡೂ ಪಕ್ಕಕ್ಕೆ ಸರಿದು ಹೋಗುತ್ತವೆ. ಕಂಬಳಿಯೋ, ಗೋಣಿತಾಟೋ ಹಾಸಿ ಕಲಿಸಿ.

ಈಗ ಮಲಗುವ ಪಾಠ. ಮುಧೋಳ ನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ತೊಡೆಯ ಸ್ನಾಯು ಬಿಗಿ, ಚರ್ಮ ತೆಳು. ಗಟ್ಟಿ ನೆಲದ ಮೇಲೆ ಕುಂಡಿ ಊರಿ ಕೂರುವುದು ಇಂಥ ಮೈಕಟ್ಟಿನ ನಾಯಿಗಳಿಗೆ ಹಿತವಲ್ಲ. ಹಲವು ನಾಯಿಗಳು ಅರ್ಧ ಕೂತಂತೆ ಮಾಡಿ ಎದ್ದುಬಿಡುತ್ತವೆ. ಮೊಂಡುತನವೆಂದು ಬಯ್ಯುತ್ತಾರೆ, ಆದರೆ ಅದು ಮೈಯ ಕಷ್ಟ. ಮಲಗುವುದು ಅದಕ್ಕೆ ಸಹಜ. ನಿಂತ ಮರಿಯ ಮೂಗಿನ ಮುಂದೆ ತುಣುಕು ಹಿಡಿದು, ಕೈಯನ್ನು ಮುಂಗಾಲುಗಳ ನಡುವೆ ನೇರ ನೆಲಕ್ಕೆ ಇಳಿಸಿ, ಅಲ್ಲಿಂದ ನಿಧಾನವಾಗಿ ಎದೆಯ ಕಡೆಗೆ ತಳ್ಳಿ. ಮೂಗು ಹಿಂಬಾಲಿಸುತ್ತದೆ, ಮೊಣಕೈ ಬಾಗುತ್ತದೆ, ಹಿಂಭಾಗ ತಾನಾಗಿ ಕುಸಿಯುತ್ತದೆ. ಮೊಣಕೈ ನೆಲ ಮುಟ್ಟಿದ ಕ್ಷಣ ‘ಭೇಷ್’, ತುಣುಕು ಅಲ್ಲೇ ನೆಲದ ಮೇಲೆ, ಮುಂಗಾಲುಗಳ ನಡುವೆ. ಮೇಲಿಂದ ಕೊಟ್ಟರೆ ಅದು ಏಳುವುದನ್ನು ಕಲಿಯುತ್ತದೆ. ಮುಂಭಾಗ ಬಗ್ಗಿ ಹಿಂಭಾಗ ಎತ್ತರದಲ್ಲೇ ನಿಂತರೆ ಅವಸರಪಡಬೇಡಿ, ಕೈಯನ್ನು ನೆಲದಲ್ಲೇ ಹಿಡಿದು ನಾಲ್ಕೈದು ಸೆಕೆಂಡು ಕಾಯಿರಿ. ಆಗಲೂ ಆಗದಿದ್ದರೆ ಗೋಡೆಗೆ ಒರಗಿ ಕೂತು, ಒಂದು ಮೊಣಕಾಲು ಮಡಚಿ ಎತ್ತಿ, ಆ ಸಂದಿಯೊಳಗೆ ತುಣುಕಿನಿಂದ ಮರಿಯನ್ನು ತೂರಿಸಿ. ತಲೆಯ ಮೇಲೆ ಕಾಲು ಅಡ್ಡ ಇರುವುದರಿಂದ ಬಗ್ಗಲೇಬೇಕಾಗುತ್ತದೆ.

ಈ ಹಂತದಲ್ಲಿ ಬಾಯಿ ಮುಚ್ಚಿರಬೇಕು. ‘ಮಲ್ಕೋ’ ಎಂಬ ಮಾತು ಇನ್ನೂ ಬಂದಿಲ್ಲ. ಐದಾರು ಸಲ ಸರಾಗವಾಗಿ ಆದ ಮೇಲೆ ಅತಿ ಮುಖ್ಯವಾದ ಹೆಜ್ಜೆ ಬರುತ್ತದೆ. ತರಬೇತಿ ಹಳ್ಳ ಹಿಡಿಯುವುದು ಹೆಚ್ಚಾಗಿ ಇಲ್ಲಿಯೇ. ಬಲಗೈಯ ತುಣುಕನ್ನು ತೆಗೆದುಬಿಡಿ. ಬೆರಳುಗಳನ್ನು ತುಣುಕು ಹಿಡಿದಂತೆಯೇ ಜೋಡಿಸಿ, ಅದೇ ಕೈಯನ್ನು ಅದೇ ದಾರಿಯಲ್ಲಿ ನೆಲಕ್ಕೆ ಇಳಿಸಿ. ವಾಸನೆ ಇನ್ನೂ ಬೆರಳಲ್ಲಿದೆ, ಮರಿ ಹಿಂಬಾಲಿಸುತ್ತದೆ. ಮಲಗಿತು, ‘ಭೇಷ್’. ಈಗ ತುಣುಕು ಬರುವುದು ಬೆನ್ನ ಹಿಂದಿನ ಎಡಗೈಯಿಂದ. ತುಣುಕು ಕಣ್ಣಿಗೆ ಕಾಣದಿದ್ದರೂ ಕೆಲಸ ಮಾಡಿದರೆ ಸಿಗುತ್ತದೆ ಎಂದು ಮರಿಗೆ ತಿಳಿಯುವುದು ಆಗ. ಮೊದಲು ತೋರಿಸಿ ಮಾಡಿಸಿದರೆ ಲಂಚ, ಮಾಡಿದ ಮೇಲೆ ಕೊಟ್ಟರೆ ಕೂಲಿ. ‘ನಮ್ಮ ನಾಯಿ ಕೈಯಲ್ಲಿ ಏನಾದರೂ ಇದ್ದರೆ ಮಾತ್ರ ಮಾತು ಕೇಳುತ್ತೆ’ ಎಂದು ದೂರುವವರ ಮನೆಯಲ್ಲಿ ಆಗಿರುವುದು ಇಷ್ಟೇ. ತುಣುಕನ್ನು ಎರಡು ದಿನಕ್ಕೆ ಬಿಡಿಸಬೇಕಿದ್ದ ಕೈಯಿಂದ ಎರಡು ತಿಂಗಳಾದರೂ ಬಿಡಿಸಿಲ್ಲ. ದೋಷ ತಿನಿಸಿನದಲ್ಲ.

ಖಾಲಿ ಕೈಗೆ ಹತ್ತರಲ್ಲಿ ಎಂಟು ಸಲ ಮಲಗತೊಡಗಿದ ಮೇಲೆ ಮಾತು ಸೇರಿಸಿ. ಮೊದಲು ‘ಮಲ್ಕೋ’, ಒಂದು ಸೆಕೆಂಡು ಬಿಟ್ಟು ಕೈಸನ್ನೆ. ಮಾತು ಮುಂದೆ, ಸನ್ನೆ ಹಿಂದೆ. ಕೆಲವು ದಿನಗಳಲ್ಲಿ ಮರಿ ಸನ್ನೆಗೆ ಕಾಯದೆ ಮಾತಿಗೇ ಮಲಗುತ್ತದೆ. ಮಾತನ್ನು ಒಂದೇ ಸಲ ಹೇಳಬೇಕು. ಆಗದಿದ್ದರೆ ಮತ್ತೆ ಹೇಳಬೇಡಿ, ಸನ್ನೆ ಮಾಡಿ. ಮೂರು ಸಲ ಹೇಳಿಸಿಕೊಂಡು ಮಲಗುವ ಮರಿ ಮೂರನೆಯದೇ ಆಜ್ಞೆ ಎಂದುಕೊಂಡಿರುತ್ತದೆ. ಮನೆಯಲ್ಲಿ ಒಬ್ಬರು ‘ಮಲ್ಕೋ’, ಒಬ್ಬರು ‘ಡೌನ್’, ಅಜ್ಜಿ ‘ಬಿದ್ಕೋ’ ಎನ್ನುವಂತಿದ್ದರೆ ಅದಕ್ಕೆ ಮೂರು ಪಾಠ ಕಲಿಸಿದಂತೆ. ಯಾವ ಮಾತಾದರೂ ಸರಿ, ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಎಲ್ಲರೂ ಅದನ್ನೇ ಹೇಳಿ.

ಹತ್ತರಲ್ಲಿ ಎಂಟು ಎಂಬ ಅಳತೆ ಎಲ್ಲ ಪಾಠಕ್ಕೂ ಬರುತ್ತದೆ. ಎಂಟು ಸರಿಯಾದರೆ ಒಂದು ಹೆಜ್ಜೆ ಮುಂದೆ. ಐದಕ್ಕಿಂತ ಕಡಿಮೆಯಾದರೆ ಒಂದು ಹೆಜ್ಜೆ ಹಿಂದೆ. ನಡುವೆ ಇದ್ದರೆ ಅಲ್ಲೇ ಇರಿ. ಅಡುಗೆಮನೆಯಲ್ಲಿ ಹತ್ತಕ್ಕೆ ಹತ್ತು ಮಾಡುವ ಮರಿ ಗೇಟಿನ ಹತ್ತಿರ ಏನೂ ಕಲಿಯದಂತೆ ನಿಂತರೆ ಗಾಬರಿ ಬೇಡ. ಜಾಗ ಬದಲಾದರೆ ನಾಯಿಗೆ ಪಾಠವೂ ಹೊಸದು. ಹಾಲ್, ಮಾಳಿಗೆ, ಅಂಗಳ, ಗೇಟು, ಹೀಗೆ ಒಂದೊಂದು ಜಾಗದಲ್ಲೂ ಮೊದಲಿಂದ, ಆದರೆ ಬೇಗ ಬೇಗ ಮಾಡಿಸಬೇಕು.

ಕೂರುವುದನ್ನು ಕಲಿಸಲೇಬೇಕೆಂದರೆ ತುಣುಕನ್ನು ಮೂಗಿನಿಂದ ಹಣೆಯ ಮೇಲಾಗಿ ಹಿಂದಕ್ಕೆ ಒಯ್ಯಿರಿ, ಮೂಗು ಎದ್ದರೆ ಕುಂಡಿ ಇಳಿಯುತ್ತದೆ. ಹಾರಿದರೆ ಕೈ ತುಂಬ ಎತ್ತರದಲ್ಲಿದೆ. ಹಿಂದೆ ಹಿಂದೆ ನಡೆದರೆ ಮೂಲೆಗೆ ನಿಲ್ಲಿಸಿಕೊಂಡು ಮಾಡಿ. ಸೊಂಟ ಒತ್ತಬೇಡಿ. ಒತ್ತಿದರೆ ಮರಿ ಎದುರೊತ್ತುತ್ತದೆ, ಬೆಳೆಯುವ ಕೀಲಿಗೂ ಒಳ್ಳೆಯದಲ್ಲ. ಕೂತ ಭಂಗಿಯಲ್ಲಿ ಹೊತ್ತು ಕಾಯಿಸುವುದು ಈ ತಳಿಗೆ ಬೇಡವೇ ಬೇಡ.

‘ಬಾ’ ಎಂಬ ಪಾಠಕ್ಕೆ ಬೇರೆಲ್ಲ ಪಾಠಗಳಿಗೆ ಕೊಡುವಷ್ಟು ಹೊತ್ತನ್ನು ಇದೊಂದಕ್ಕೇ ಕೊಡಬೇಕು ಎಂದು ನಾನು ನಂಬಿದ್ದೇನೆ. ಮುಧೋಳ ನಾಯಿ ಓಡಲು ಶುರುಮಾಡಿದರೆ ಕೆಲವೇ ಕ್ಷಣಗಳಲ್ಲಿ ರಸ್ತೆಯ ಆ ಕಡೆ ಇರುತ್ತದೆ. ಬೆನ್ನಟ್ಟುವ ಚಟ ಇನ್ನೂ ಬಲಿಯದ ಎರಡು ಮೂರು ತಿಂಗಳ ವಯಸ್ಸೇ ಇದನ್ನು ಗಟ್ಟಿ ಮಾಡುವ ಕಾಲ. ಆ ವಯಸ್ಸಿನಲ್ಲಿ ಮರಿ ಹೇಗೂ ಮನುಷ್ಯರ ಹಿಂದೆಯೇ ಸುತ್ತುತ್ತಿರುತ್ತದೆ, ಅದನ್ನು ಬಳಸಿಕೊಳ್ಳಬೇಕು.

ಮೊದಲು ಹೆಸರು. ಹೆಸರು ಕರೆದಾಗ ಮುಖ ನೋಡಿದರೆ ‘ಭೇಷ್’, ತುಣುಕು. ಆ ಹೆಸರಲ್ಲಿ ಬಯ್ಯಬಾರದು. ಆಮೇಲೆ ಹಾಲ್‌ನಲ್ಲಿ ಇಬ್ಬರು ಎರಡು ಮೀಟರ್ ಅಂತರದಲ್ಲಿ ನೆಲಕ್ಕೆ ಕೂತು, ಒಬ್ಬರಾದ ಮೇಲೆ ಒಬ್ಬರು ಕರೆಯಿರಿ. ಮೊದಮೊದಲು ‘ಬಾ’ ಎನ್ನುವುದು ಮರಿ ಈಗಾಗಲೇ ನಿಮ್ಮ ಕಡೆ ಹೊರಟಿರುವಾಗ ಮಾತ್ರ. ಬಂದಾಗ ತುಣುಕನ್ನು ಕೈ ಚಾಚಿ ಕೊಡಬೇಡಿ, ನಿಮ್ಮ ಮೊಣಕಾಲಿಗೆ ತಾಗಿಸಿ ಹಿಡಿಯಿರಿ. ಮರಿ ಅಲ್ಲಿಯವರೆಗೆ ಬರಲಿ. ಇನ್ನೊಂದು ಕೈಯಿಂದ ಕತ್ತಿನ ಬೆಲ್ಟು ಮುಟ್ಟಿ, ಆಮೇಲೆ ತುಣುಕು ಕೊಡಿ. ಈ ಕ್ರಮ ತಿರುಗುಮುರುಗಾಗಬಾರದು. ತುಣುಕು ಕೊಟ್ಟು ಆಮೇಲೆ ಬೆಲ್ಟಿಗೆ ಕೈ ಹಾಕುವವರ ನಾಯಿ, ಬಂದು ತುಣುಕು ಕಸಿದು ಒಂದು ಮಾರು ದೂರ ಸರಿದು ನಿಲ್ಲುವುದನ್ನು ಕಲಿಯುತ್ತದೆ. ಮುಟ್ಟಿದ ಮೇಲೆ ತುಣುಕು ಬಂದರೆ, ಕೈ ಬೆಲ್ಟಿಗೆ ಬರುವುದೇ ಅದಕ್ಕೆ ಒಳ್ಳೆಯ ಸುದ್ದಿ.

ಬಂದ ಮರಿಯನ್ನು ಮತ್ತೆ ಬಿಟ್ಟುಬಿಡಿ. ಹತ್ತು ಸಲ ಕರೆದರೆ ಒಂಬತ್ತು ಸಲ ತುಣುಕು ಕೊಟ್ಟು ‘ನಡಿ’ ಎಂದು ಆಟಕ್ಕೆ ಕಳಿಸಬೇಕು. ಕರೆದಾಗಲೆಲ್ಲ ಗೂಡಿಗೆ ಹಾಕಿದರೆ, ಸ್ನಾನಕ್ಕೆ ಎಳೆದರೆ, ಔಷಧಿ ಕುಡಿಸಿದರೆ, ‘ಬಾ’ ಎಂದರೆ ಆಟ ಮುಗಿಯಿತೆಂದೇ ಅದು ತಿಳಿಯುತ್ತದೆ. ಸ್ನಾನಕ್ಕೆ ಬೇಕಾದರೆ ಕರೆಯದೆ ನೀವೇ ಹೋಗಿ ಎತ್ತಿಕೊಂಡು ಬನ್ನಿ. ತಡವಾಗಿ ಬಂದ ಮರಿಗೆ ಬಯ್ದರೆ, ಹೊಡೆದರೆ, ಆ ಏಟು ಬೀಳುವುದು ಓಡಿದ್ದಕ್ಕಲ್ಲ, ಬಂದದ್ದಕ್ಕೆ. ಮರಿಯ ಲೆಕ್ಕದಲ್ಲಿ ಕೊನೆಯದಾಗಿ ಮಾಡಿದ ಕೆಲಸ ಅದೇ ತಾನೆ. ಮುಧೋಳ ನಾಯಿ ಇಂಥದ್ದನ್ನು ಸುಲಭಕ್ಕೆ ಮರೆಯುವುದಿಲ್ಲ. ಹೊಡೆತ ತಿಂದ ಬೇಟೆನಾಯಿ ಕೈಗೆ ಸಿಗದಷ್ಟು ದೂರವನ್ನು ಕರಾರುವಾಕ್ಕಾಗಿ ಅಳೆದು ನಿಲ್ಲುತ್ತದೆ. ಆ ದೂರವನ್ನು ಮತ್ತೆ ಕಡಿಮೆ ಮಾಡುವುದು ಬಹಳ ಕಷ್ಟದ ಕೆಲಸ. ಸುತ್ತಿದ ಪೇಪರಿನ ಏಟು, ಎಳೆದರೆ ಕತ್ತು ಬಿಗಿಯುವ ಚೋಕ್ ಚೈನು, ಮೂತಿ ನೆಲಕ್ಕೆ ಉಜ್ಜುವುದು ಇವೆಲ್ಲ ಈಗಲೂ ನಡೆಯುತ್ತಿವೆ. ಇವುಗಳಿಂದ ಮರಿ ಕಲಿಯುವುದು ನಮ್ಮನ್ನು ತಪ್ಪಿಸಿಕೊಳ್ಳುವುದನ್ನು ಮಾತ್ರ.

ಹಾಲ್‌ನಿಂದ ಅಂಗಳಕ್ಕೆ ಬಂದಾಗ 5 ರಿಂದ 10 ಮೀಟರಿನ ಹತ್ತಿಯ ಹಗ್ಗ ಬೇಕು. ನೈಲಾನ್ ಅಂಗೈ ಕೊಯ್ಯುತ್ತದೆ. ಹಗ್ಗವನ್ನು ಎದೆಯ ಹಾರ್ನೆಸ್‌ಗೆ ಕಟ್ಟಿ, ಕತ್ತಿಗೆ ಕಟ್ಟಬೇಡಿ. ಓಡಿ ಹಗ್ಗ ಮುಗಿದಾಗ ಬೀಳುವ ಎಳೆತ ಆ ಉದ್ದ ಕತ್ತಿಗೆ ಪೆಟ್ಟು. ದಿನಬಳಕೆಯ ಬೆಲ್ಟಿನಲ್ಲೂ ಗಮನಿಸಬೇಕಾದದ್ದಿದೆ. ಈ ನಾಯಿಯ ತಲೆ ಕತ್ತಿನಷ್ಟೇ ಅಗಲ, ಹಿಂದಕ್ಕೆ ಎಳೆದರೆ ಸಾಮಾನ್ಯ ಬೆಲ್ಟು ಕಿವಿ ದಾಟಿ ಕಳಚಿಕೊಳ್ಳುತ್ತದೆ. ಎಳೆದಾಗ ಸ್ವಲ್ಪ ಬಿಗಿಯುವ ಮಾರ್ಟಿಂಗೇಲ್ ಎಂಬ ಅಗಲ ಬೆಲ್ಟು ಸರಿ. ಹಗ್ಗದಿಂದ ಮರಿಯನ್ನು ಎಳೆದು ತರುವುದಲ್ಲ, ಓಡಿಹೋಗದಂತೆ ತಡೆಯಲು ಮಾತ್ರ ಅದು. ಮರಿ ಅನುಮಾನಿಸುತ್ತ ನಿಂತರೆ ನೀವು ಅದರ ಕಡೆ ಹೋಗದೆ ತಿರುಗಿ ಎರಡು ಹೆಜ್ಜೆ ಓಡಿ. ಓಡುವುದನ್ನು ಹಿಂಬಾಲಿಸುವುದು ಅದರ ರಕ್ತದಲ್ಲಿದೆ, ಬಂದೇ ಬರುತ್ತದೆ. ನೀವು ಅಟ್ಟಿಕೊಂಡು ಹೋದರೆ ಅದಕ್ಕೆ ಅದು ಆಟ. ಆ ಆಟದಲ್ಲಿ ಗೆಲ್ಲುವ ಮನುಷ್ಯರಿಲ್ಲ.

ಬರುವುದಿಲ್ಲ ಎಂದು ಗೊತ್ತಿದ್ದಾಗ ಕರೆಯಲೇಬಾರದು. ಬೆಕ್ಕಿನ ಮೇಲೆ ಕಣ್ಣು ನೆಟ್ಟು ಕಿವಿ ನಿಮಿರಿಸಿ ನಿಂತ ಮರಿಗೆ ‘ಬಾ’ ಕೇಳುವುದಿಲ್ಲ. ಕರೆದು ಕರೆದು ಆ ಮಾತನ್ನು ಸವೆಸುವ ಬದಲು ಹಗ್ಗ ಹಿಡಿದು ಹತ್ತಿರ ಹೋಗಿ. ಇಲ್ಲಿ ತಿನಿಸಿಗೂ ಒಂದು ಮಿತಿಯಿದೆ. ಸ್ಕಿನ್ನರನ ಶಿಷ್ಯರಾಗಿದ್ದ ಕೆಲರ್ ಮತ್ತು ಮೇರಿಯನ್ ಬ್ರೆಲೆಂಡ್ ದಂಪತಿ ಹಲವು ಜಾತಿಯ ಪ್ರಾಣಿಗಳಿಗೆ ತಿನಿಸಿನಿಂದ ಕಲಿಸಿದವರು. 1961ರಲ್ಲಿ ಅವರು ಬರೆದ ಪ್ರಬಂಧದ ಸಾರ ಹೀಗಿತ್ತು: ನಾಣ್ಯವನ್ನು ಡಬ್ಬಿಗೆ ಹಾಕಲು ಚೆನ್ನಾಗಿ ಕಲಿತ ಹಂದಿಗಳು ಕ್ರಮೇಣ ಅದನ್ನು ದಾರಿಯಲ್ಲೇ ಕೆಡವಿ ಮೂತಿಯಿಂದ ನೆಲ ಕೆದಕತೊಡಗಿದವು, ತಿನಿಸು ತಪ್ಪಿದರೂ ಬಿಡಲಿಲ್ಲ. ಕಲಿತದ್ದು ಹುಟ್ಟುಗುಣದ ಕಡೆಗೆ ವಾಲುತ್ತದೆ. ಓಡುವ ಮೊಲದ ಮುಂದೆ ಕೋಳಿ ತುಣುಕು ಗೆಲ್ಲುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಬೇಲಿಯಿಲ್ಲದ ಜಾಗದಲ್ಲಿ ಮುಧೋಳ ನಾಯಿಯ ಹಗ್ಗ ಬಿಚ್ಚಬಾರದು, ಎಷ್ಟೇ ಚೆನ್ನಾಗಿ ಕಲಿತಿರಲಿ.

ಇದೇ ಕಾರಣಕ್ಕೆ ಗೇಟಿನಲ್ಲಿ ‘ಇರು’ ಬೇಕು. ಮರಿಗೆ ಬೆಲ್ಟು ಹಾಕಿ ಬಾಗಿಲಿಗೆ ಒಂದು ಮೀಟರ್ ಹಿಂದೆ ನಿಲ್ಲಿಸಿ. ಚಿಲಕಕ್ಕೆ ಕೈ ಹಾಕಿ, ಕದಲದಿದ್ದರೆ ‘ಭೇಷ್’, ತುಣುಕು. ಬಾಗಿಲನ್ನು ನಾಲ್ಕು ಬೆರಳು ತೆರೆಯಿರಿ. ಮುನ್ನುಗ್ಗಿದರೆ ಬಯ್ಯದೆ ಮುಚ್ಚಿ, ಮೂತಿಗೆ ತಾಗದಂತೆ. ನಿಂತರೆ ‘ಭೇಷ್’, ತುಣುಕು ಬಾಗಿಲಿನಿಂದ ಒಳಕ್ಕೆ, ಮರಿಯ ಹಿಂದಿನ ಕಡೆ ಕೊಡಿ. ಆಗ ಅದರ ಭಾರ ಹಿಂದಕ್ಕೆ ವಾಲುತ್ತದೆ. ಹೊತ್ತು, ದೂರ, ಗಲಾಟೆ ಇವು ಮೂರನ್ನೂ ಒಟ್ಟಿಗೆ ಹೆಚ್ಚಿಸಬೇಡಿ. ಹೊತ್ತು ಒಂದು ಸೆಕೆಂಡಿನಿಂದ ಮೂರಕ್ಕೆ, ಐದಕ್ಕೆ, ನಡುವೆ ಮತ್ತೆ ಎರಡಕ್ಕೆ ಇಳಿಯುತ್ತ ಏರಲಿ. ಸದಾ ಏರುತ್ತಲೇ ಹೋದರೆ ಮರಿಗೆ ಬೇಸರ ಬಂದು ಎದ್ದು ಹೋಗುತ್ತದೆ. ದೂರ ಹೆಚ್ಚಿಸುವಾಗ ಹೊತ್ತನ್ನು ಒಂದು ಸೆಕೆಂಡಿಗೆ ಇಳಿಸಿ. ಇರು ಎಂದ ಕಡೆಯಿಂದ ಮರಿಯನ್ನು ಕರೆದು ತುಣುಕು ಕೊಡಬಾರದು, ನೀವೇ ಅದರ ಹತ್ತಿರ ಹಿಂತಿರುಗಿ ಕೊಡಬೇಕು. ಇಲ್ಲದಿದ್ದರೆ ಅದು ಇರುವುದನ್ನು ಬಿಟ್ಟು ಕರೆಗೆ ಕಾಯುವುದನ್ನು ಕಲಿಯುತ್ತದೆ. ಮುಗಿಯಿತು ಎನ್ನಲು ಅದೇ ‘ನಡಿ’.

‘ಬಿಡು’ ನಮ್ಮ ಬೀದಿಗಳಿಗೆ ತೀರ ಅಗತ್ಯದ ಪಾಠ. ಕಸದ ರಾಶಿಯ ಬಿರಿಯಾನಿ ಎಲುಬು, ಇಲಿ ಪಾಷಾಣ ಬೆರೆಸಿದ ಉಂಡೆ, ಎಲ್ಲವೂ ಮೂಗಿನ ಎತ್ತರದಲ್ಲೇ ಇರುತ್ತವೆ. ಒಂದು ಮುಷ್ಟಿಯೊಳಗೆ ರೊಟ್ಟಿ ಚೂರು ಮುಚ್ಚಿ ಮರಿಯ ಮುಂದೆ ಹಿಡಿಯಿರಿ. ನೆಕ್ಕುತ್ತದೆ, ಕೆರೆಯುತ್ತದೆ, ಮೆಲ್ಲಗೆ ಕಚ್ಚುತ್ತದೆ. ಸುಮ್ಮನಿರಿ. ಬೇಸತ್ತು ಮೂಗು ಒಂದು ಅಂಗುಲ ಹಿಂದೆ ಸರಿದ ಕ್ಷಣ ‘ಭೇಷ್’, ಇನ್ನೊಂದು ಕೈಯಿಂದ ಕೋಳಿ ತುಣುಕು. ಮುಷ್ಟಿಯ ರೊಟ್ಟಿಯನ್ನು ಯಾವತ್ತೂ ಕೊಡಬಾರದು. ಬಿಟ್ಟದ್ದು ಸಿಗುವುದಿಲ್ಲ, ಬಿಟ್ಟರೆ ಅದಕ್ಕಿಂತ ಒಳ್ಳೆಯದು ಬೇರೆಡೆಯಿಂದ ಬರುತ್ತದೆ, ಇದು ಇಡೀ ಪಾಠ. ಆಮೇಲೆ ಅಂಗೈ ತೆರೆದು, ಆಮೇಲೆ ನೆಲದ ಮೇಲೆ ಪಾದದ ಅಡಿಯಲ್ಲಿ, ಆಮೇಲೆ ಬರೀ ನೆಲದಲ್ಲಿ, ಕೊನೆಗೆ ಬೆಲ್ಟು ಹಿಡಿದು ಅದರ ಪಕ್ಕದಲ್ಲಿ ನಡೆಯುತ್ತ. ಬಾಯಿಗೆ ಹಾಕಿಕೊಂಡದ್ದನ್ನು ದವಡೆ ಬಿಡಿಸಿ ಕೀಳುವುದು ಕೊನೆಯ ಉಪಾಯವಾಗಿರಲಿ. ದಿನವೂ ಹಾಗೆ ಮಾಡಿದರೆ ಸಿಕ್ಕಿದ್ದನ್ನು ಅವಸರದಲ್ಲಿ ನುಂಗುವುದನ್ನು ಕಲಿಯುತ್ತದೆ, ದೊಡ್ಡದಾದ ಮೇಲೆ ಗುರ್ರೆನ್ನುತ್ತದೆ. ಚಪ್ಪಲಿ ಕಚ್ಚಿಕೊಂಡಿದ್ದರೆ ಮೂಗಿಗೆ ಕೋಳಿ ಹಿಡಿದು ಬದಲಿಸಿಕೊಳ್ಳಿ. ಮಕ್ಕಳು ಕೊಡುವಾಗ ತುಣುಕನ್ನು ಬೆರಳಲ್ಲಿ ಹಿಡಿಯದೆ ಅಂಗೈ ಹರಡಿ ಕೊಡಲಿ, ದೊಡ್ಡವರೊಬ್ಬರು ಪಕ್ಕದಲ್ಲಿರಲಿ. ಹಾಲುಹಲ್ಲು ಸೂಜಿಯ ಹಾಗೆ ಇರುತ್ತವೆ, ಅವು ಉದುರಲು ಶುರುವಾಗುವುದು ನಾಲ್ಕು ತಿಂಗಳ ಸುಮಾರಿಗೆ.

ಬೀದಿಯ ಪಾಠಕ್ಕೆ ಅವಸರ ಬೇಡ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ 16 ವಾರ ತುಂಬುವವರೆಗೆ ಬೂಸ್ಟರ್. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಬಿಟ್ಟರೆ ಪಾರ್ವೊ ಎಂಬ, ಮರಿಗಳ ಜೀವ ತೆಗೆಯುವ ವೈರಸ್ ರೋಗ ತಗುಲುವ ಭಯವಿದೆ. ಆದರೆ ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ನಾಯಿಮರಿಗಳನ್ನು ವರ್ಷಗಟ್ಟಲೆ ಗಮನಿಸಿದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದಂತೆ, ಮರಿ ಲೋಕಕ್ಕೆ ಹೊಂದಿಕೊಳ್ಳುವ ಮುಖ್ಯ ಕಾಲ 3 ರಿಂದ 12 ವಾರ. ಎರಡನ್ನೂ ಸರಿದೂಗಿಸಲು ಮರಿಯನ್ನು ಎತ್ತಿಕೊಂಡೇ ಹೊರಗೆ ಒಯ್ಯಿರಿ. ಆಟೊ ಸದ್ದು ಕೇಳಿಸಲಿ, ತುಣುಕು ಕೊಡಿ. ಹೆಲ್ಮೆಟ್ ಹಾಕಿದವರು ಕಾಣಲಿ, ತುಣುಕು ಕೊಡಿ. ಇಲ್ಲಿ ಮರಿ ಏನೂ ಮಾಡಬೇಕಿಲ್ಲ. ಮನೆಯಲ್ಲಿ ಆಸೆಯಿಂದ ತಿನ್ನುವ ಕೋಳಿಯನ್ನು ಹೊರಗೆ ಮೂಸಿಯೂ ನೋಡದಿದ್ದರೆ ಅದು ಹೆದರಿದೆ ಎಂದರ್ಥ, ಸದ್ದಿನಿಂದ ಇನ್ನೂ ದೂರ ಹೋಗಿ. ಮನೆಯಲ್ಲೂ ಮುಟ್ಟದಿದ್ದರೆ ಪಾಠ ನಿಲ್ಲಿಸಿ ಪಶುವೈದ್ಯರಿಗೆ ಫೋನ್ ಮಾಡಿ. ಪಾರ್ವೊ ಬಂದ ಮರಿಗೆ ಗಂಟೆಗಳೂ ಮುಖ್ಯ.

ತುಣುಕು ಎಂದಿಗೆ ನಿಲ್ಲಿಸಬೇಕು ಎಂದು ಎಲ್ಲರೂ ಕೇಳುತ್ತಾರೆ. ಮಲಗುವುದು, ಇರುವುದು ಗಟ್ಟಿಯಾದ ಮೇಲೆ ಎರಡು ಸಲಕ್ಕೊಮ್ಮೆ, ನಾಲ್ಕು ಸಲಕ್ಕೊಮ್ಮೆ, ಲೆಕ್ಕ ಸಿಗದ ಹಾಗೆ ಕೊಡಿ. ಉಳಿದಾಗ ‘ಶಾಣ್ಯಾ’ ಎಂದು ಕಿವಿಯ ಹಿಂದೆ ಕೆರೆದರೆ ಸಾಕು. ‘ಭೇಷ್’ ಅನ್ನು ಮಾತ್ರ ಬರೀ ಹೊಗಳಿಕೆಗೆ ಬಳಸಬೇಡಿ, ಅದು ತುಣುಕಿನ ಮಾತು. ‘ಬಾ’ ಎಂಬ ಪಾಠಕ್ಕೆ ನಿಲ್ಲಿಸುವುದು ಬೇಡ, ನಾಯಿ ಮುದಿಯಾದರೂ. ಆರೇಳು ತಿಂಗಳಿಗೆ ಕಿವಿ ಕೇಳದಂತೆ ಆಡುವ ಕಾಲ ಬರುತ್ತದೆ. ಕಲಿಸಿದ್ದೆಲ್ಲ ಹೋಯಿತು ಎನಿಸುತ್ತದೆ. ಹೋಗಿಲ್ಲ. ಹಗ್ಗ ಮತ್ತೆ ಕಟ್ಟಿ, ರೊಟ್ಟಿಯಿಂದ ಕೋಳಿಗೆ ಹಿಂತಿರುಗಿ, ದೂರ ಅರ್ಧಕ್ಕೆ ಇಳಿಸಿ, ಹತ್ತರಲ್ಲಿ ಎಂಟರ ಲೆಕ್ಕ ಮತ್ತೆ ಶುರು ಮಾಡಿ.

ಆ ವಯಸ್ಸಿಗೆ ತೂಕ 15 ಕಿಲೊ ಮುಟ್ಟಿದ್ದರೆ ದಿನದ ಅಗತ್ಯ ಸುಮಾರು 1,050 ಕಿಲೊಕ್ಯಾಲರಿ. ತುಣುಕಿನ ಮಿತಿ 60 ಗ್ರಾಂ ಕೋಳಿಗೆ ಏರುತ್ತದೆ. ತುಣುಕಿನ ಗಾತ್ರ ಮಾತ್ರ ಮೊದಲಿನದೇ ಇರಲಿ. ಮುಧೋಳ ನಾಯಿಯ ಕೊನೆಯ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಾಣುವುದು ಆರೋಗ್ಯದ ಲಕ್ಷಣ. ಸೊರಗಿದೆ ಎಂದು ನೆರೆಹೊರೆಯವರು ಹೇಳುತ್ತಾರೆ, ಅದನ್ನು ಕೇಳಿ ಅನ್ನ ಹೆಚ್ಚಿಸಬೇಡಿ. ಎಲುಬು ಬೆರಳಿಗೆ ಸಿಗದಷ್ಟು ಮುಚ್ಚಿಹೋಗಿದ್ದರೆ ಬಟ್ಟಲಿನ ಊಟದಲ್ಲಿ ಕಡಿಮೆ ಮಾಡಿ, ಪಾಠದ ತುಣುಕಿನಲ್ಲಿ ಬೇಡ.